ಗಡಿಯಾಚೆಯ ಪ್ರಕರಣ, ನಮ್ಮ ಪಡಸಾಲೆಯಲ್ಲಿ

ಇಸವಿ ಎರಡು ಸಾವಿರದ ನೂರಾ ತೊಂಬತ್ತಾರು, ಎರಡನೇ ಮೇ ತಿಂಗಳ ಮೂವತ್ತೆಂಟನೆಯ ದಿನ. ಹೊಸಗುಂಡ, ಎಡದಂಡೆ.

ಹಿಂದಿನ ಕಾಲದ ಹಿರಿಯರಿಗೆ ಅಮರವ್ವ ಮಾಡುವ ನಮಸ್ಕಾರ.

ಇವತ್ತು ಮಧ್ಯಾಹ್ನ ಮಲಗಿದಾಗ ಮತ್ತೆ ಅದೇ ಕೆಟ್ಟ ಕನಸು ಬಿತ್ತು. ಗೂಡಿನ ಬಾಗಿಲು ತೆಗೆದರೆ ಕೋಳಿಗಳೆಲ್ಲ ಸಾಲಾಗಿ ಕೂತಿವೆ. ಒಂದೂ ಕೊಕ್ಕೊಕ್ಕೋ ಅನ್ನುವುದಿಲ್ಲ. ಒಂದಾದ ಮೇಲೊಂದು ಮನುಷ್ಯರ ಹಾಗೆ ಕೆಮ್ಮುತ್ತವೆ, ಅದೂ ನನ್ನ ತಂಗಿಯ ದನಿಯಲ್ಲಿ. ಎದ್ದು ಹೋಗಿ ನೋಡಿದೆ, ಗೂಡು ಖಾಲಿ. ಖಾಲಿ ಎಂದು ಗೊತ್ತಿದ್ದೂ ಮತ್ತೆರಡು ಸಲ ನೋಡಿ ಬಂದೆ. ನನ್ನ ಸ್ವಭಾವವೇ ಹೀಗೆ, ಸಿಟ್ಟಾಗಬೇಡಿ.

ನನ್ನ ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನಾನು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ, ಅದೂ ಅರ್ಧ. ಬಿಸಿಲಿಗೆ ಶಾಲೆಯ ಮಾಡು ಬಿರಿದು ಬಿದ್ದಿತು, ಮತ್ತೆ ಕಟ್ಟಲಿಲ್ಲ. ಇದು ಹಿಂದೋಲೆ, ಅಂದರೆ ಹಿಂದಿನ ಕಾಲಕ್ಕೆ ಕಳಿಸುವ ಕಾಗದ. ಜೀವಮಾನದಲ್ಲಿ ಒಬ್ಬರಿಗೆ ಒಂದೇ ಸಲ ಕೊಡುತ್ತಾರೆ. ಅದು ಹೇಗೆ ಹೋಗುತ್ತದೆಯೋ ನನಗೆ ತಿಳಿಯದು. ಜನ ಸಾಮಾನ್ಯವಾಗಿ ಮುತ್ತಜ್ಜಿಯ ಅಡುಗೆ ಕೇಳಿ ಬರೆಯುತ್ತಾರೆ, ಹಳೆಯ ಹಾಡು ಕೇಳಿ ಬರೆಯುತ್ತಾರೆ. ನನ್ನದನ್ನು ಇದಕ್ಕೆ ಖರ್ಚು ಮಾಡುತ್ತಿದ್ದೇನೆ.

ನಮ್ಮ ಹೊಳೆ ವರ್ಷದಲ್ಲಿ ಎಂಟು ತಿಂಗಳು ಬರೀ ಮರಳು. ಈ ಕಡೆ ಎಡದಂಡೆ ಸರ್ಕಾರ, ಆ ಕಡೆ ಬಲದಂಡೆ ಸರ್ಕಾರ. ನಡುವೆ ಮರಳಿನಲ್ಲಿ ಗೆರೆಗಂಬಗಳನ್ನು ನೆಟ್ಟಿದ್ದಾರೆ. ಮೊದಲೆಲ್ಲ ಅವು ಸುಮ್ಮನೆ ನಿಂತಿರುತ್ತಿದ್ದವು, ನಾವು ಅವುಗಳ ಮೇಲೆ ಸೀರೆ ಒಣಗಹಾಕುತ್ತಿದ್ದೆವು. ಗಡಿ ಮುಚ್ಚಿದ ದಿನದಿಂದ ಯಾರು ದಾಟಿದರೂ ಕೂಗುತ್ತವೆ, ಕೂಗಿದರೆ ಕಾವಲಿನವರು ಓಡಿ ಬರುತ್ತಾರೆ. ನಮಗೆ ಈಗ ವರ್ಷಕ್ಕೆ ಎರಡು ಬೇಸಿಗೆ, ಅದಕ್ಕೇ ಮೇ ತಿಂಗಳೂ ಎರಡು, ನಿಮ್ಮದಕ್ಕಿಂತ ಉದ್ದ. ಎರಡನೇ ಬೇಸಿಗೆ ಶುರುವಾಗುವ ಮುಂಚೆ ನಾವು ಕೋಳಿಗಳನ್ನು ಕೊಯ್ದು ಉಪ್ಪು ಸವರಿ ಒಣಗಿಸುತ್ತೇವೆ, ಇಲ್ಲದಿದ್ದರೆ ಸೆಕೆಗೆ ಅವು ತಾವೇ ಸಾಯುತ್ತವೆ. ಆ ವಾರಕ್ಕೆ ಪುಕ್ಕದ ವಾರ ಎನ್ನುತ್ತೇವೆ. ಕೊಟ್ಟ ಮನೆಯಿಂದ ಅಕ್ಕತಂಗಿಯರು ತವರಿಗೆ ಬರುತ್ತಾರೆ, ಚಪ್ಪರದ ನೆರಳಲ್ಲಿ ಕೂತು ಪುಕ್ಕ ಕೀಳುತ್ತಾರೆ, ಗಂಡಂದಿರನ್ನು ಬೈದುಕೊಂಡು ನಗುತ್ತಾರೆ.

ಈ ವರ್ಷವೂ, ಗಡಿ ಮುಚ್ಚುವ ಮುಂಚೆ, ನನ್ನ ತಂಗಿ ಹುಲಿಗೆವ್ವ ಆಚೆ ದಂಡೆಯ ಮುದ್ದನಗುಂಡಿಯಿಂದ ಬಂದಳು. ನನ್ನ ಗೂಡಿನಲ್ಲಿ ಆರು ಕೋಳಿ ಜುಟ್ಟು ಕಪ್ಪಾಗಿ ತೂಕಡಿಸುತ್ತಿದ್ದವು. ಸೆಕೆಗೆ ಎಂದುಕೊಂಡೆ. ಅವುಗಳನ್ನು ಮೊದಲು ಮುಗಿಸಿಬಿಡೋಣ ಎಂದು ಅವಳೇ ಎಳೆದುಕೊಂಡಳು. ನಾಲ್ಕನೆಯ ದಿನ ಅವಳಿಗೆ ಜ್ವರ. ಐದನೆಯ ದಿನ ಕಣ್ಣು ಕೆಂಪಾಗಿ, ಉಸಿರಿಗೆ ಗೊರಗೊರ ಶಬ್ದ ಬರತೊಡಗಿತು. ನಾನು ಗಡಿ ವೈದ್ಯಾಧಿಕಾರಿ ಸೂಗೂರಯ್ಯನವರನ್ನು ಕರೆಸಿದೆ. ಅವರು ಬಾಗಿಲಾಚೆಯೇ ನಿಂತು ಉದ್ದನೆಯ ಕೋಲಿನ ತುದಿಯ ಹತ್ತಿಯನ್ನು ಅವಳ ಮೂಗಿಗೆ ಒತ್ತಿ ತೆಗೆದರು. ಸಂಜೆಗೆ ಹಕ್ಕಿಜ್ವರ ಎಂದು ಬಂತು. ಅವರು ಫಾರಂ ತೆಗೆದರು.

"ಯಾವೂರಕಿ ಈಕಿ?"

"ಮುದ್ದನಗುಂಡಿಯಾಕಿರಿ," ಎಂದೆ.

ಇದು ನನ್ನ ತಪ್ಪು, ಇದನ್ನು ಮುಚ್ಚಿಡುವುದಿಲ್ಲ. ನಮ್ಮಲ್ಲಿ ಕೊಟ್ಟ ಹೆಣ್ಣಿನ ಊರು ಕೇಳಿದರೆ ಗಂಡನ ಊರನ್ನೇ ಹೇಳಬೇಕು. ತವರೂರು ಹೇಳಿದರೆ ಬಿಟ್ಟು ಬಂದವಳು ಎಂದು ಅರ್ಥ. ಬಾಯಿಂದ ತಾನಾಗಿ ಬಂತು.

"ಮುಗೀತು ಬಿಡು," ಎಂದರು ಸೂಗೂರಯ್ಯ. ಅವರ ಮುಖದಲ್ಲಿ ಎಂಥ ಗೆಲುವು! "ಆಚಿಕಡಿ ಪ್ರಕರಣ. ನಮ್ಮದು ಸೊನ್ನೆ."

"ಸಾಹೇಬ್ರ, ಮಲಗಿರೋದು ಇಲ್ಲಿ. ಕೆಮ್ಮೋದು ಇಲ್ಲಿ. ಕೋಳಿನೂ ನಂದ ರೀ."

"ಫಾರಂ ಕೆಮ್ಮು ಕೇಳಂಗಿಲ್ಲವಾ. ಊರು ಕೇಳತೈತಿ."

ಪ್ರತಿ ಊರಿನ ಕಚೇರಿಯಲ್ಲೂ ಒಂದು ಮೊಹರು ಹಾಕಿದ ಪೆಟ್ಟಿಗೆ ಇರುತ್ತದೆ. ಅದರೊಳಗೆ ಉಸಿರುಗುಳಿಗೆ, ಹಕ್ಕಿಜ್ವರ ಬಂದವರಿಗೆ ಕೊಡುವ ಔಷಧ. ಆರು ದಿನದೊಳಗೆ ನುಂಗಿದರೆ ಬಹುಪಾಲು ಜನ ಉಳಿಯುತ್ತಾರೆ. ಆದರೆ ಯಾವ ಊರಿನಲ್ಲಿ ಪ್ರಕರಣ ದಾಖಲಾಗುತ್ತದೋ ಆ ಊರಿನ ಮೊಹರು ಮಾತ್ರ ಒಡೆಯಬಹುದು. ನಮ್ಮೂರ ಬಾಗಿಲಲ್ಲಿ ಸೊನ್ನೆಫಲಕವಿದೆ, ಎತ್ತಿನಗಾಡಿಯ ಗಾಲಿಯಷ್ಟು ದೊಡ್ಡ ಸೊನ್ನೆ. ಅದನ್ನು ಒಂದಕ್ಕೆ ತಿರುಗಿಸಲು ಯಾವ ಅಧಿಕಾರಿಗೂ ಕೈ ಬರುವುದಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ಸರ್ಕಾರ ಬಾನುಲಿಯಲ್ಲಿ ಸಾರಿತು: ಗಡಿಯಾಚೆ ಒಂದು ಪ್ರಕರಣ ಕಂಡುಬಂದಿದೆ, ನಮ್ಮಲ್ಲಿ ಸೊನ್ನೆ, ಜನರು ಹೆದರಬಾರದು, ಗಡಿ ಮುಚ್ಚಲಾಗಿದೆ. ಕಾಯಿಲೆಗೆ ಬಲದಂಡೆ ಜ್ವರ ಎಂದು ಹೆಸರೂ ಇಟ್ಟಿತು. ಆಚೆಯ ಸರ್ಕಾರ ಸುಮ್ಮನಿರುತ್ತದೆಯೇ, ಅದು ಎಡದಂಡೆ ಕೋಳಿರೋಗ ಎಂದಿತು. ಮುಚ್ಚಿದ ಗಡಿಯನ್ನು ದಾಟಿಸಿ ಹುಲಿಗೆವ್ವನನ್ನು ಅಲ್ಲಿಗೆ ಒಯ್ಯಲು ಆಗಲಿಲ್ಲ, ಏಕೆಂದರೆ ಬಲದಂಡೆಯ ರೋಗಿಗಳು ಗಡಿ ದಾಟಬಾರದು ಎಂಬುದೇ ಆಜ್ಞೆ. ಕಾಗದದ ಪ್ರಕಾರ ಅವಳು ಅಲ್ಲಿದ್ದಳು. ಅಲ್ಲಿದ್ದವಳನ್ನು ಅಲ್ಲಿಗೆ ಕಳಿಸುವುದು ಹೇಗೆ?

ಆಚೆ ದಂಡೆಯಲ್ಲಿ ಇನ್ನೂ ಚಂದ. ಅವಳ ಗಂಡ ಮೌನೇಶ ಮರಳಿನ ಆ ತುದಿಗೆ ಬಂದು ನಿಂತು ಕೂಗಿದ.

"ಅಕ್ಕಾರ! ಇಲ್ಲಿ ಪೆಟ್ಟಿಗಿ ಒಡದಾರ ರೀ! ಗುಳಿಗಿ ತಗೊಂಡು ನಮ್ಮನಿ ಮುಂದ ಕುಂತಾರ! ಮನಿಗೆ ಬೀಗ ಜಡದಾರ, ಒಳಗ ಪೇಷಂಟ್ ಅದಾಳ ಅಂತ!"

"ನೀ ಹೇಳಲಿಲ್ಲೇನೋ ಇಲ್ಲಿ ಅದಾಳಂತ?"

"ಹೇಳಿದ್ನಿ ರೀ! ನೀ ಹೊರಗಿನ ಮಾತು ಆಡಬ್ಯಾಡ ಅಂದ್ರು!"

ಗುಳಿಗೆಯನ್ನು ಬಟ್ಟೆಯಲ್ಲಿ ಕಟ್ಟಿ ಈ ಕಡೆ ಎಸೆಯುತ್ತೇನೆಂದು ಮೌನೇಶ ಕೇಳಿದರೂ ಅಲ್ಲಿನ ಅಧಿಕಾರಿಗಳು ಕೊಡಲಿಲ್ಲ. ರೋಗಿ ಅಧಿಕಾರಿಯ ಕಣ್ಣೆದುರು ನುಂಗಬೇಕಂತೆ. ಬೀಗ ಹಾಕಿದ ಖಾಲಿ ಮನೆಯ ಸುತ್ತ ಮೂರು ಹರದಾರಿಯ ವೃತ್ತ ಎಳೆದು ಮುದ್ದನಗುಂಡಿಯ ಕೋಳಿಗಳನ್ನೆಲ್ಲ, ನೆಟ್ಟಗೆ ಕಾಳು ಹೆಕ್ಕುತ್ತಿದ್ದವನ್ನು, ಚೀಲದಲ್ಲಿ ತುಂಬಿ ಹೂತರು. ವೃತ್ತ ಹೊಳೆಗೆ ಬಂದು ನಿಂತಿತು. ಈ ಕಡೆ ನನ್ನ ಗೂಡಿನಲ್ಲಿ ಕೋಳಿಗಳು ದಿನಕ್ಕೆ ಹತ್ತರಂತೆ ಕತ್ತು ತಿರುಚಿಕೊಂಡು ಬೀಳುತ್ತಿದ್ದವು. ಸೂಗೂರಯ್ಯ ಅವುಗಳನ್ನು ನೋಡಲಿಲ್ಲ. ಬಿಸಿಲಿಗೆ ಸತ್ತವು ಎಂದು ಬರೆದುಕೊಂಡರು. ಕೊನೆಗೆ ನಾನೇ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಗುಂಡಿ ತೋಡಿ, ಉಳಿದವನ್ನೂ ಕೊಂದು ಸುಣ್ಣ ಸುರಿದೆ. ನೊಣಗಳ ಆ ಶಬ್ದ ಇನ್ನೂ ಕಿವಿಯಲ್ಲಿದೆ.

ಹುಲಿಗೆವ್ವ ಪಡಸಾಲೆಯ ಚಾಪೆಯ ಮೇಲೆ ಮಲಗಿ ಎಲ್ಲವನ್ನೂ ಬಾನುಲಿಯಲ್ಲಿ ಕೇಳುತ್ತಿದ್ದಳು.

"ಅಕ್ಕ, ಆಚಿಕಡಿ ಹುಲಿಗೆವ್ವ ಗುಳಿಗಿ ನುಂಗಿ ಆರಾಮ ಆಗಾಕ ಹತ್ಯಾಳಂತ. ಈಚಿಕಡಿ ಹುಲಿಗೆವ್ವಗ ಒಂದೀಟು ಗಂಜಿ ಹಾಕು."

ನಾನು ಅತ್ತರೆ ಬೈದಳು. "ಅಳಬ್ಯಾಡಬೇ. ನಿಮ್ಮೂರು ಸೊನ್ನಿ ಊರು, ಅತ್ತರ ನಿನ್ನ ಮ್ಯಾಲೂ ಕೇಸ್ ಹಾಕ್ತಾರ."

ಅವಳು ಮಲಗಿದ ಮೂರನೆಯ ದಿನ ಕಚೇರಿಗೆ ಓಡಿದೆ. ಊರು ತಪ್ಪಾಗಿ ಹೇಳಿದೆ, ಹೊಸಗುಂಡ ಎಂದು ಬರೆದುಕೊಳ್ಳಿ ಎಂದು ಕಾಲಿಗೆ ಬಿದ್ದೆ.

"ಬಿಟ್ಟು ಬಂದಾಳೇನು ಹಂಗಾರ?" ಎಂದರು ಸೂಗೂರಯ್ಯ. "ಗಂಡ ಬಿಟ್ಟೀನಿ ಅಂತ ಬರಕೊಡಲಿ. ಅಕಿ ಊರು ಬದಲಿ ಆಗತೈತಿ."

ಮರಳಿಗೆ ಹೋಗಿ ಮೌನೇಶನಿಗೆ ಹೇಳಿದೆ. ಅವನ ಹಿಂದೆ ಮುದ್ದನಗುಂಡಿಯ ಅರ್ಧ ಊರು ನಿಂತಿತ್ತು. ಆ ಗಂಡಸು ಎರಡೂ ಕೈ ಎತ್ತಿ ಗಂಟಲು ಹರಿಯುವ ಹಾಗೆ ಕೂಗಿದ.

"ಬಿಟ್ಟೀನಿ! ಎಲ್ಲಾರೂ ಕೇಳ್ರಿ, ಹುಲಿಗೆವ್ವನ್ನ ಬಿಟ್ಟೀನಿ! ಎಲ್ಲಿ ಅಂತೀರಿ ಅಲ್ಲಿ ಹೆಬ್ಬೆಟ್ಟು ಒತ್ತತೀನಿ!"

ಕೂಗಿ ಮರಳಿನಲ್ಲಿ ಕುಸಿದು ಕೂತ. ಹದಿನಾರು ವರ್ಷ ಅವಳ ಮೇಲೆ ಕೈ ಎತ್ತದವನು, ಒಂದು ಬಿರುಸು ಮಾತು ಆಡದವನು. ಮನೆಗೆ ಬಂದು ಹೇಳಿದಾಗ ಅವಳು ಉಸಿರು ಸಾಲದೆ ನಕ್ಕಳು. "ಬಿಡಾಕ ಇಷ್ಟು ವರ್ಷ ಬೇಕಾತೇನು ಆ ಮಬ್ಬಗ," ಎಂದಳು. ಆಮೇಲೆ ಗೋಡೆಯ ಕಡೆ ತಿರುಗಿಕೊಂಡಳು.

ಅವನು ಹೆಬ್ಬೆಟ್ಟು ಒತ್ತಿದ ಕಾಗದವೂ ದಾಟಲಿಲ್ಲ. ಬಲದಂಡೆಯ ಕಾಗದಕ್ಕೆ ಸೋಂಕು ಇರುತ್ತದಂತೆ.

ಐದನೆಯ ದಿನ ನಮ್ಮ ಮಂತ್ರಿ ಊರಿಗೆ ಬಂದ. ಜನರ ಭಯ ಹೋಗಲಾಡಿಸಲು ನೆರಳುಬೀದಿಯಲ್ಲಿ, ಅಂದರೆ ಬಿಸಿಲು ಬೀಳದಂತೆ ಚಾಪೆ ಹೊದಿಸಿದ ಬೀದಿಯಲ್ಲಿ, ವೇದಿಕೆ ಕಟ್ಟಿಸಿ ಎಲ್ಲರೆದುರು ಕೋಳಿಯ ತೊಡೆ ತಿಂದ. ಎಣ್ಣೆ ಅವನ ಮುಂಗೈಯಿಂದ ಮೊಳಕೈಗೆ ಇಳಿಯುತ್ತಿತ್ತು. ಮೂಳೆ ಚೀಪಿ ತಟ್ಟೆಗೆ ಹಾಕಿ, ಎಡದಂಡೆಯ ಕೋಳಿಗೆ ಸಮ ಯಾವುದೂ ಇಲ್ಲ ಎಂದ. ಚಪ್ಪಾಳೆ ಬಿತ್ತು. ಚಪ್ಪಾಳೆ ತಟ್ಟಿದವರಲ್ಲಿ ನನ್ನ ಓಣಿಯವರೂ ಇದ್ದರು. ವೇದಿಕೆಯಿಂದ ನಮ್ಮ ಮನೆ ಇಪ್ಪತ್ತು ಹೆಜ್ಜೆ. ಹಲ್ಲಿನ ಸಂದಿಗೆ ಕಡ್ಡಿ ಹಾಕುತ್ತ ಅವನು ನಮ್ಮ ಬಾಗಿಲ ಮುಂದೆಯೇ ಹಾದುಹೋದ. ಒಳಗಿನ ಗೊರಗೊರ ಕೇಳಿ ಒಂದು ಕ್ಷಣ ನಿಂತ. ಸೂಗೂರಯ್ಯ ಅವನ ಕಿವಿಯಲ್ಲಿ ಏನೋ ಹೇಳಿದರು. ಅವನು ತಲೆಯಾಡಿಸಿ ನಡೆದ.

ಏಳನೆಯ ದಿನ ಬೆಳಗಿನ ಬಿಸಿಲೇರುವ ಮುಂಚೆ ಹುಲಿಗೆವ್ವ ಹೋದಳು. ಆಚೆಯ ಸರ್ಕಾರ, ಪ್ರಕರಣ ಹತೋಟಿಗೆ ಬಂದಿದೆ, ರೋಗಿ ಗುಣವಾಗಿದ್ದಾಳೆ ಎಂದು ಸಾರಿ ಬೀಗ ತೆಗೆಯಿತು. ನಮ್ಮ ಸರ್ಕಾರ, ಗಡಿಯಾಚೆಯ ಅಪಾಯ ತಪ್ಪಿತು ಎಂದು ಗೆರೆಗಂಬಗಳಿಗೆ ಹೊಸ ಬಣ್ಣ ಹೊಡೆಸಿತು. ಗುಣವಾದವಳ ಹೆಣವನ್ನು ನಾನೂ ಇಬ್ಬರು ಹೆಂಗಸರೂ ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು. ಮೌನೇಶ ಮರಳಿನ ಆ ತುದಿಯಲ್ಲಿ ನಿಂತೇ ಮೂರು ಹಿಡಿ ಮಣ್ಣು ಈ ಕಡೆಗೆ ತೂರಿದ. ಗಾಳಿ ಎದುರಿಗಿತ್ತು, ಅವನ ಮುಖಕ್ಕೇ ಬಂತು.

ಈಗ ನಾನು ನಿಮಗೇ ಏಕೆ ಬರೆಯುತ್ತೇನೆಂದರೆ, ಸೂಗೂರಯ್ಯ ಒಂದು ಮಾತು ಹೇಳಿದರು. ಮಣ್ಣಿನ ಮರುದಿನ ಕಚೇರಿಗೆ ಹೋಗಿ ಬಾಯಿಗೆ ಬಂದಂತೆ ಬೈದೆ. ಅವರು ತಲೆ ತಗ್ಗಿಸಿ, "ಫಾರಂ ನಾ ಮಾಡಿದ್ದಲ್ಲವಾ. ಭಾಳ ಹಿಂದಿನ ಕಾಲದವರು ಮಾಡಿದ್ದು. ನಾವು ನಕಲು ಮಾಡಕೋತ ಬಂದೀವಿ," ಎಂದರು. ಫಾರಂ ಕೈಗೆ ಕೊಟ್ಟರು. ಬೆರಳಿಟ್ಟು ಅಕ್ಷರ ಕೂಡಿಸಿ ಓದಿದೆ. ಹೆಸರು, ವಯಸ್ಸು, ಊರು, ಸಾಕಿದ ಹಕ್ಕಿ, ಸಹಿ. ಅಷ್ಟೇ. ಊರಿನ ಸಾಲಿಗೂ ಹಕ್ಕಿಯ ಸಾಲಿಗೂ ನಡುವೆ ಸ್ವಲ್ಪ ಜಾಗ ಜಾಸ್ತಿ ಇದೆ, ಅಲ್ಲೊಂದು ಸಾಲು ಇದ್ದು ನಕಲಿನಲ್ಲಿ ಬಿಟ್ಟುಹೋದ ಹಾಗೆ. ನನ್ನ ಕಣ್ಣಿನ ಭ್ರಮೆಯೂ ಇರಬಹುದು. ಅಂದಿನಿಂದ ಇದೊಂದೇ ಚಿಂತೆ: ಆ ಸಾಲು ನೀವು ಬರೆದಿದ್ದಿರೋ, ನಮ್ಮವರು ಕಳೆದರೋ, ಅಥವಾ ಮೊದಲಿನಿಂದಲೂ ಯಾರಿಗೂ ಹೊಳೆಯಲೇ ಇಲ್ಲವೋ.

ನಿಮ್ಮ ಸರ್ಕಾರಗಳಿಗೆ ಬುದ್ಧಿ ಹೇಳಿ ಎಂದು ಕೇಳುವುದಿಲ್ಲ. ಸರ್ಕಾರಗಳನ್ನು ನೋಡಿ ಸಾಕಾಗಿದೆ. ಇದೊಂದು ಕೆಲಸ ಮಾಡಿ. ನಿಮ್ಮ ಕಚೇರಿಯಲ್ಲಿ ಹಕ್ಕಿಜ್ವರದ ಫಾರಂ ಇದ್ದರೆ ಹೊರಗೆ ತೆಗೆಸಿ. ಕಾಯಿಲೆಯವರ ಊರು ಯಾವುದು ಎಂಬ ಸಾಲಿನ ಕೆಳಗೆ, ಅವರು ಈಗ ಮಲಗಿರುವುದು ಎಲ್ಲಿ ಎಂದು ಕೇಳುವ ಸಾಲು ಇದೆಯೇ ನೋಡಿ. ಇದೆ ಎಂದು ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೆ ನಂಬಬೇಡಿ. ನೀವೇ ಬೆರಳಿಟ್ಟು ಓದಿ, ಆಮೇಲೆ ಇನ್ನೊಮ್ಮೆ ನೋಡಿ.