ದೊಡ್ಡತ್ತೆಯ ಬಿಲ್ಲೆ, ಚಿಕ್ಕಸೊಸೆಯ ಹಣೆ

ಮಾನ್ಯರೇ,

ಹಳೆಯ ರೈಲುಗಳ ಸಂರಕ್ಷಣಾ ವಿಭಾಗದ ಮುಖ್ಯಾಧಿಕಾರಿಗಳಾದ ತಮಗೆ ಮೊದಲೇ ಹೇಳಿಬಿಡುತ್ತೇನೆ. ತಮ್ಮ ಕಚೇರಿಯ ತೋಟದಲ್ಲಿ ಕಟ್ಟೆ ಕಟ್ಟಿಸಿ, ಗಿಳಿಹಸಿರು ಬಣ್ಣ ಬಳಿಸಿ, ಸುತ್ತ ಸರಪಳಿ ಹಾಕಿಸಿ ತಾವು ಕಾಪಾಡುತ್ತಿರುವ ಉಗಿ ಎಂಜಿನ್ ತಾವಂದುಕೊಂಡ ಎಂಜಿನ್ ಅಲ್ಲ. ತಾವಂದುಕೊಂಡದ್ದು ಮುಚ್ಚಿದ ಹಳೇ ಶೆಡ್ಡಿನಲ್ಲಿ ನಿಂತಿದೆ. ಅದನ್ನು ಈ ತಿಂಗಳು ಮುಗಿಯುವುದರೊಳಗೆ ತುಂಡು ಮಾಡಿ ಗುಜರಿಗೆ ಸಾಗಿಸಬೇಕೆಂದು ತಾವೇ ಆದೇಶ ಹೊರಡಿಸಿದ್ದೀರಿ. ಸನ್ಮಾನ ಒಬ್ಬಳಿಗೆ, ಗ್ಯಾಸ್ ಕಟರ್ ಇನ್ನೊಬ್ಬಳಿಗೆ. ಆದರೆ ಯಾರಿಗೆ ಯಾವುದೆಂಬುದು ಮಾತ್ರ ಅದಲುಬದಲಾಗಿದೆ. ಇದನ್ನು ತಮ್ಮ ವಿಭಾಗಕ್ಕೆ ತಿಳಿಸಲು ನಾನು ಎಷ್ಟು ಸಲ ಮೆಟ್ಟಿಲು ಹತ್ತಿದ್ದೇನೆಂದರೆ, ಅಲ್ಲಿನ ಜವಾನ ಈಗ ನನ್ನ ಮಂಡಿನೋವಿನ ಬಗ್ಗೆ ತಾನಾಗಿಯೇ ವಿಚಾರಿಸುತ್ತಾನೆ. ಹಾಗಾಗಿ ಇನ್ನು ಮೆಟ್ಟಿಲು ಬೇಡ, ಪತ್ರಿಕೆಯಲ್ಲೇ ಮಾತಾಡೋಣ ಎಂದುಕೊಂಡೆ.

ನಾನು ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ಹೆಂಗಸು. ರೈಲಿಗೂ ನನಗೂ ಏನು ಸಂಬಂಧ ಎಂದು ತಮ್ಮ ಸಹಾಯಕರು ಕೇಳಿದ್ದರು. ಸಂಬಂಧ ಇಷ್ಟೇ: ನನ್ನ ಅಪ್ಪ ಉಗಿ ಎಂಜಿನ್ನಿನ ಡ್ರೈವರ್. ಕಣ್ಣಿನ ಕೆಲಸ ನಾನು ಕಲಿತದ್ದೂ ಅವನ ಗಾಡಿಯಲ್ಲೇ. ಆಗೆಲ್ಲ ರಜಾದಿನಗಳಲ್ಲಿ ಊರಿನಿಂದ ಅಣೆಕಟ್ಟೆಗೆ ಉಗಿಬಂಡಿಯ ವಿಹಾರ ಇರುತ್ತಿತ್ತು. ಜನ ಇದ್ದಬದ್ದ ಬಿಳಿ ಬಟ್ಟೆಯನ್ನೆಲ್ಲ ಇಸ್ತ್ರಿ ಮಾಡಿಸಿಕೊಂಡು ಬರುತ್ತಿದ್ದರು, ಯಾಕೆಂದು ದೇವರಿಗೇ ಗೊತ್ತು. ಮೊದಲ ಸುರಂಗ ದಾಟುವಷ್ಟರಲ್ಲಿ ಎಲ್ಲರೂ ಒಂದೇ ಬಣ್ಣ. ಕಿಟಕಿಯಿಂದ ತಲೆ ಹೊರಗೆ ಹಾಕಬೇಡಿ ಎಂದು ಗಾರ್ಡ್ ಕೂಗುತ್ತಿದ್ದ, ಎಲ್ಲರೂ ಹಾಕುತ್ತಿದ್ದರು, ಎಲ್ಲರ ಕಣ್ಣಿಗೂ ಕಲ್ಲಿದ್ದಲ ಕಿಡಿಪುಡಿ ಬೀಳುತ್ತಿತ್ತು. ಅಣೆಕಟ್ಟೆಯಲ್ಲಿ ಇಳಿದ ಮೇಲೆ ಅಪ್ಪನ ಮುಂದೆ ಸಾಲು. ಕರವಸ್ತ್ರದ ತುದಿ ತಿರುಚಿ, "ಮೇಲೆ ನೋಡಿ, ಮೇಲೆ. ನನ್ನ ಮುಖ ಏನ್ ಚೆಂದ ಅಂತ ನೋಡ್ತೀರಿ" ಎನ್ನುತ್ತ ಅಪ್ಪ ಒಬ್ಬೊಬ್ಬರ ಕಣ್ಣಿನಿಂದ ಪುಡಿ ತೆಗೆಯುತ್ತಿದ್ದ. ನಾನು ಪಕ್ಕದಲ್ಲಿ ನೀರಿನ ಲೋಟ ಹಿಡಿದು ನಿಂತಿರುತ್ತಿದ್ದೆ.

ಆ ವಿಹಾರದಲ್ಲಿ ಇನ್ನೊಂದು ಪದ್ಧತಿ ಇತ್ತು. ವಾಪಸು ಬರುವಾಗ ಒಂದು ತಿರುವಿನಲ್ಲಿ ಎಲ್ಲರನ್ನೂ ಕೆಳಗಿಳಿಸಿ, ದಿಬ್ಬದ ಮೇಲೆ ನಿಲ್ಲಿಸಿ, ಖಾಲಿ ಗಾಡಿಯನ್ನು ಹಿಂದಕ್ಕೆ ಒಯ್ದು, ಮತ್ತೆ ಹೊಗೆ ಎಬ್ಬಿಸಿಕೊಂಡು ಅವರ ಮುಂದೆ ಹಾಯಿಸುವುದು. ಫೋಟೋ ತೆಗೆದುಕೊಳ್ಳಲಿ ಅಂತ. ಅದಕ್ಕಾಗಿ ಅಪ್ಪ ಬೇಕೆಂದೇ ಕಪ್ಪು ಹೊಗೆ ಬಿಡುತ್ತಿದ್ದ. ಒಮ್ಮೆ ನನ್ನ ಸೋದರತ್ತೆ ಕೆಳಗಿಳಿಯದೆ ಬೋಗಿಯಲ್ಲೇ ನಿದ್ದೆ ಹೊಡೆದು, ಇಡೀ ಜನ ಕ್ಯಾಮೆರಾ ಹಿಡಿದಿರುವಾಗ ಕಿಟಕಿಯಲ್ಲಿ ಬಾಯಿ ತೆರೆದುಕೊಂಡು ಮೆರವಣಿಗೆ ಹೋದಳು. ಊರಲ್ಲಿ ಎಷ್ಟೋ ಮನೆಗಳ ಆಲ್ಬಂನಲ್ಲಿ ನಮ್ಮ ಸೋದರತ್ತೆ ಇದ್ದಾಳೆ. ಕೇಳಿದರೆ, "ನೀವೆಲ್ಲ ಫೋಟೋ ತೆಗೆದೋರು, ನಾನು ಫೋಟೋದಲ್ಲಿ ಇದ್ದೋಳು" ಎಂದು ಇವತ್ತಿಗೂ ಬಿಗುಮಾನ.

ಇರಲಿ, ವಿಷಯಕ್ಕೆ ಬರುತ್ತೇನೆ. ಶೆಡ್ಡಿನಲ್ಲಿ ಒಂದೇ ಮಾದರಿಯ ಎರಡು ಎಂಜಿನ್ನುಗಳಿದ್ದವು. ಅಲ್ಲಿನವರು ಒಂದನ್ನು ದೊಡ್ಡತ್ತೆ ಎಂದೂ ಇನ್ನೊಂದನ್ನು ಚಿಕ್ಕಸೊಸೆ ಎಂದೂ ಕರೆಯುತ್ತಿದ್ದರು. ದೊಡ್ಡತ್ತೆ ಹೊರಡುವ ಮೊದಲು ಗೊಣಗುತ್ತಿದ್ದಳು, ಹೊರಟ ಮೇಲೆ ಯಾವ ಏರನ್ನೂ ಲೆಕ್ಕಕ್ಕಿಡುತ್ತಿರಲಿಲ್ಲ. ನೆರೆ ಬಂದು ಸೇತುವೆ ಅಲ್ಲಾಡುತ್ತಿದ್ದಾಗ ಊರಿಗೆ ಧಾನ್ಯ ಹೊತ್ತ ಗಾಡಿಯನ್ನು ಎಳೆದು ತಂದವಳು ಅವಳೇ. ತಮ್ಮ ತೋಟದ ಫಲಕದಲ್ಲಿ ಚಿನ್ನದ ಅಕ್ಷರದಲ್ಲಿ ಬರೆದಿರುವುದೂ ಅದನ್ನೇ. ಚಿಕ್ಕಸೊಸೆ ಪಾಪದವಳು, ಸೀಟಿ ಹಾಕಿದರೆ ಪಕ್ಕದ ರಸ್ತೆಗೂ ಕೇಳುತ್ತಿರಲಿಲ್ಲ. ವಿಹಾರದ ದಿನ ಯಾವ ಎಂಜಿನ್ ಬರುತ್ತದೆಂದು ಮೊದಲೇ ಸಾರಿರುತ್ತಿದ್ದರು. ಜನ ಅದರ ನಂಬರ್ ಬಿಲ್ಲೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕಲ್ಲ. ಸಾರಿದ ಎಂಜಿನ್ನಿಗೆ ಬೆಳಿಗ್ಗೆ ಕಾಯಿಲೆ ಬಂದರೆ? ಅದಕ್ಕೂ ಶೆಡ್ಡಿನಲ್ಲಿ ಮದ್ದಿತ್ತು: ಬಿಲ್ಲೆಗಳನ್ನು ಬಿಚ್ಚಿ, ಗಟ್ಟಿಯಾಗಿರುವವಳ ಹಣೆಗೆ ಹಾಕಿ, ಅವಳ ಬಿಲ್ಲೆಗಳನ್ನು ಮಲಗಿದವಳಿಗೆ ಹಾಕಿಬಿಡುವುದು. ಸಂಜೆ ಗಾಡಿ ಬಂದ ಮೇಲೆ ಮತ್ತೆ ಅವರವರದು ಅವರವರಿಗೆ. ಯಾರಿಗೂ ನಷ್ಟವಿಲ್ಲ, ಯಾರಿಗೂ ಬೇಜಾರಿಲ್ಲ.

ಕೊನೆಯ ವಿಹಾರದ ದಿನ ಸಾರಿದ್ದು ದೊಡ್ಡತ್ತೆಯನ್ನು. ಬೆಳಿಗ್ಗೆ ಅವಳ ಹೊಟ್ಟೆಯೊಳಗಿನ ಕೊಳವೆ ಸೋರಿತು. ಅಪ್ಪನೇ ಸ್ಪ್ಯಾನರ್ ಹಿಡಿದು ಬಿಲ್ಲೆ ಬದಲಾಯಿಸಿದ. ಚಿಕ್ಕಸೊಸೆ ಅತ್ತೆಯ ಬಿಲ್ಲೆ ಧರಿಸಿ, ಮಂತ್ರಿಗಳ ಭಾಷಣ ಕೇಳಿ, ಅಣೆಕಟ್ಟೆಗೆ ಹೋಗಿ ಬಂದಳು. ಸಂಜೆ ಬಂದು ನೋಡಿದರೆ ಶೆಡ್ಡಿಗೆ ಬೀಗ ಜಡಿದಿತ್ತು. ಉಗಿಯ ಕಾಲ ಮುಗಿಯಿತಂತೆ. ಅಪ್ಪನನ್ನೂ ಉಳಿದವರನ್ನೂ ಮರುದಿನವೇ ಡೀಸೆಲ್ಲಿಗೆ ಎತ್ತಿಹಾಕಿದರು. ಬಿಲ್ಲೆ ವಾಪಸು ಹಾಕುವ ಮಾತು ಅಲ್ಲಿಗೇ ನಿಂತುಹೋಯಿತು. ಆಮೇಲೆ ತಮ್ಮ ವಿಭಾಗ ಹುಟ್ಟಿತು. ಯಾರೋ ಬಂದು ಬಿಲ್ಲೆ ನೋಡಿ ಚಿಕ್ಕಸೊಸೆಯನ್ನು ಎತ್ತಿಕೊಂಡು ಹೋಗಿ ಕಟ್ಟೆಯ ಮೇಲೆ ಕೂರಿಸಿದರು. ದೊಡ್ಡತ್ತೆ ಸೊಸೆಯ ಬಿಲ್ಲೆ ಹೊತ್ತು ಕತ್ತಲೆಯಲ್ಲಿ ಉಳಿದಳು.

ನನ್ನ ಗಂಡ, ನನ್ನ ಮೈದುನ ಮತ್ತು ನಾನು, ಮೂವರೂ ಅಳಿದುಳಿದ ಹಳೇ ಎಂಜಿನ್ನು, ಬೋಗಿಗಳನ್ನು ಹುಡುಕಿಕೊಂಡು ಹೋಗುವ ಹುಚ್ಚಿನವರು. ನೆಂಟರು ನಮ್ಮನ್ನು ತುಕ್ಕುಸಂಘ ಎನ್ನುತ್ತಾರೆ. ಗಂಡ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು, ಮೈದುನ ಪ್ಲಂಬರ್. ಸಕ್ಕರೆ ಕಾರ್ಖಾನೆಯ ಹಿಂದೆ ಕೋಳಿಗೂಡಾಗಿರುವ ಬೋಗಿ, ಬಣ್ಣದ ಕಾರ್ಖಾನೆಗೆ ಬಿಸಿನೀರು ಕಾಯಿಸುತ್ತಿರುವ ಬಾಯ್ಲರು, ಕ್ಷೌರದಂಗಡಿಯಾಗಿರುವ ಗಾರ್ಡ್ ಡಬ್ಬಿ, ಎಲ್ಲವನ್ನೂ ನೋಡಿದ್ದೇವೆ. ಈ ಕೆಲಸ ಮಾಡುವವರಿಗೆಲ್ಲ ಒಂದು ವಿಷಯ ಗೊತ್ತು: ಬಿಲ್ಲೆಯನ್ನು ನಂಬಬಾರದು. ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಉಕ್ಕಿನ ಸರಳಿನ ಮೇಲೆ ಕಾರ್ಖಾನೆಯಲ್ಲೇ ಕೊರೆದ ನಂಬರ್ ಇರುತ್ತದೆ, ಅದನ್ನು ನೋಡಬೇಕು. ಶೆಡ್ಡಿನ ಬೀಗ ಎಂದೋ ತುಕ್ಕು ಹಿಡಿದು ಉದುರಿತ್ತು, ಅಲ್ಲಿ ನೋಡಲು ಕಷ್ಟವಾಗಲಿಲ್ಲ, ಗ್ರೀಸ್ ಒರೆಸಿದರೆ ಸಾಕಿತ್ತು. ತಮ್ಮ ತೋಟದಲ್ಲಿ ಮಾತ್ರ ಸರಳಿಗೂ ಬೆಳ್ಳಿ ಬಣ್ಣದ ಕೋಟುಗಳನ್ನು ಬಳಿದಿದ್ದಿರಿ. ಬ್ಯಾಗಿನಲ್ಲಿ ಉಗುರುಬಣ್ಣ ಅಳಿಸುವ ಸೀಸೆ ಇತ್ತು, ತೆಗೆದು ಉಜ್ಜಿದೆ. ಕಾವಲುಗಾರ ಬಂದು, "ಏನಮ್ಮ, ಎಂಜಿನ್ನಿಗೆ ಮದುವೆನಾ" ಎಂದ. "ಮದುವೆ ಯಾವಾಗ್ಲೋ ಆಗಿದೆ ಕಣಣ್ಣ, ಹೆಣ್ಣು ಬದ್ಲಾಗಿದೆ ಅಷ್ಟೆ" ಎಂದೆ. ಬಣ್ಣದ ಕೆಳಗೆ ಚಿಕ್ಕಸೊಸೆಯ ನಂಬರ್ ಸ್ಪಷ್ಟವಾಗಿತ್ತು.

ಇದನ್ನೆಲ್ಲ ತಮ್ಮ ಸಹಾಯಕರ ಮುಂದೆ ಹೇಳಿದೆ. ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಎಂಬತ್ತು ದಾಟಿದ ಮನುಷ್ಯ, ಆದರೆ ಜಂಬಕ್ಕೇನೂ ಕಡಿಮೆಯಿಲ್ಲ. ಹಳೇ ಟೋಪಿ ಹಾಕಿಕೊಂಡು, ಮೀಸೆಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದ. "ನಾನೇ ಬದ್ಲಾಯ್ಸಿದ್ದು ಸ್ವಾಮಿ. ಈ ಕೈಯಲ್ಲೇ" ಎಂದ. ಸಹಾಯಕರು ಅಪ್ಪನ ಕೈಯನ್ನು ನೋಡಿದರು, ಆಮೇಲೆ ಗಡಿಯಾರ ನೋಡಿದರು. "ಬಿಲ್ಲೆ ಏನ್ ಹೇಳುತ್ತೋ ಅದೇ ಎಂಜಿನ್ನು. ನಮ್ಮ ನಿಯಮ ಇರೋದೇ ಹಾಗೆ" ಎಂದರು. ನಾನು ಬಿಡಲಿಲ್ಲ. ಆಗ ಅವರು ಕೊಟ್ಟ ಪರಿಹಾರವನ್ನು ನನ್ನ ಅಂಗಡಿಗೆ ಬರುವ ಪ್ರತಿಯೊಬ್ಬರಿಗೂ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ: "ನೀವು ಹೇಳೋದೇ ನಿಜ ಅಂದ್ರೆ, ತೋಟದಲ್ಲಿರೋದನ್ನ ಕತ್ತರಿಸ್ತೀವಿ ಬಿಡಿ. ನಮಗೆ ಒಂದು ಕತ್ತರಿಸಿದ್ರೆ ಆಯ್ತು."

ಒಂದು ಕತ್ತರಿಸಿದರೆ ಆಯಿತಂತೆ. ಮಾನ್ಯರೇ, ತಮ್ಮ ವಿಭಾಗದ ಹೆಸರಿನಲ್ಲಿ ಸಂರಕ್ಷಣೆ ಎಂಬ ಪದ ಯಾಕಿದೆ? ಫಲಕ ಬರೆಯುವವನಿಗೆ ಜಾಗ ಉಳಿದಿತ್ತೇ? ತೋಟದಲ್ಲಿರುವ ಬಡಪಾಯಿಯನ್ನು ತಾವು ಸಂರಕ್ಷಿಸಿದ ಬಗೆಯಾದರೂ ಎಂಥದ್ದು? ಬೆಂಕಿಗೂಡಿನ ಬಾಗಿಲು ಬೆಸುಗೆ ಹಾಕಿಸಿದಿರಿ, ಮಕ್ಕಳು ನುಗ್ಗುತ್ತಾರೆಂದು ಹೊಟ್ಟೆಗೆ ಕಾಂಕ್ರೀಟು ಸುರಿಸಿದಿರಿ. ಅವಳು ಇನ್ನೆಂದೂ ಓಡುವುದಿಲ್ಲ. ಪ್ರತಿವರ್ಷ ವಿಭಾಗದ ದಿನಾಚರಣೆಯಂದು ಅವಳ ಪಕ್ಕದಲ್ಲಿ ಧ್ವನಿವರ್ಧಕ ಇಟ್ಟು ಸೀಟಿಯ ಸದ್ದು ಹಾಕಿಸುತ್ತೀರಿ. ಕಳೆದ ವರ್ಷ ಅದನ್ನು ಕೇಳಿ ಅಪ್ಪ, "ಇದು ಹಡಗಿಂದು ಕಣೇ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಶೆಡ್ಡಿನಲ್ಲಿರುವ ದೊಡ್ಡತ್ತೆಯ ಮೈಯನ್ನು ಯಾರೂ ಮುಟ್ಟಿಲ್ಲ. ತಮ್ಮ ಸಂರಕ್ಷಣೆಯಿಂದ ತಪ್ಪಿಸಿಕೊಂಡದ್ದರಿಂದಲೇ ಅವಳು ಉಳಿದಿದ್ದಾಳೆ. ಮೈದುನ ಒಳಗೆ ತೆವಳಿ ಹೋಗಿ ಎಲ್ಲವನ್ನೂ ತಟ್ಟಿ ನೋಡಿ, ಮುಖಕ್ಕೆಲ್ಲ ಮಸಿ ಮಾಡಿಕೊಂಡು ಹೊರಬಂದ. "ಅತ್ತಿಗೆ, ಕೊಳವೆ ಬದ್ಲಾಯ್ಸಿ, ಬಾಯ್ಲರ್ ಪರೀಕ್ಷೆ ಮಾಡ್ಸಿದ್ರೆ ಇವಳು ಎದ್ದು ಕೂರ್ತಾಳೆ" ಎಂದ. ಆ ಮಾದರಿಯಲ್ಲಿ ಮತ್ತೆ ಉಗಿ ಎಬ್ಬಿಸಬಹುದಾದವಳು, ನಾವು ಹುಡುಕಿದ ಮಟ್ಟಿಗೆ, ಇವಳೊಬ್ಬಳೇ. ಅಪ್ಪ ಈ ಮಾತು ಕೇಳಿದಾಗಿನಿಂದ ಬೆಳಿಗ್ಗೆ ವಾಕಿಂಗ್ ಶುರು ಮಾಡಿದ್ದಾನೆ. ಯಾಕಪ್ಪ ಎಂದರೆ, "ಏರೋದಕ್ಕೆ ಕಾಲಲ್ಲಿ ಕಸುವು ಬೇಡ್ವಾ" ಎನ್ನುತ್ತಾನೆ. ನನಗೆ ನಗುವೂ ಬರುತ್ತದೆ, ಹೆದರಿಕೆಯೂ ಆಗುತ್ತದೆ. ಅವನು ಏರಲು ಸಿದ್ಧವಾಗುತ್ತಿರುವ ಎಂಜಿನ್ನನ್ನು ತಿಂಗಳ ಕೊನೆಗೆ ತೂಕಕ್ಕೆ ಹಾಕಿದರೆ, ನಾನು ಮನೆಗೆ ಹೋಗಿ ಅವನಿಗೆ ಏನು ಹೇಳಲಿ?

ಆಮೇಲೆ ತಮ್ಮಿಂದ ಲಿಖಿತ ಉತ್ತರ ಬಂತು. ತಮ್ಮ ಸಹಿಯೇ ಇತ್ತು, ಧನ್ಯಳಾದೆ. "ಎಂಜಿನ್ನಿನ ಗುರುತಿಗೆ ಅದರ ಮೇಲಿರುವ ಬಿಲ್ಲೆಯೇ ಅಂತಿಮ. ಈ ವಿಷಯದಲ್ಲಿ ಇನ್ನು ಯಾವ ಪತ್ರವ್ಯವಹಾರಕ್ಕೂ ಅವಕಾಶವಿಲ್ಲ." ನಾನು ಅದನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಇನ್ನೊಂದು ಸಲ ಓದು ಎಂದ. ಓದಿದೆ. "ಸಾಹೇಬ್ರು ಸರಿಯಾಗೇ ಹೇಳಿದ್ದಾರಲ್ಲೇ" ಎಂದು ಎದ್ದು ಅಟ್ಟದ ಕಡೆ ನೋಡಿದ. ಅವನ ಸ್ಪ್ಯಾನರು ಅಲ್ಲೇ ಇತ್ತು.

ಮಾನ್ಯರೇ, ಮೊನ್ನೆಯ ದಿನಾಚರಣೆ ತಮಗೆ ನೆನಪಿರಬಹುದು. ಬ್ಯಾಂಡು ಬಾರಿಸುತ್ತಿತ್ತು, ತಾವು ಪರಂಪರೆಯ ಮಹತ್ವದ ಬಗ್ಗೆ ಭಾಷಣ ಮಾಡುತ್ತಿದ್ದಿರಿ. ಆಗ ಎಂಜಿನ್ನಿನ ಬಳಿ ಖಾಕಿ ಅಂಗಿ ತೊಟ್ಟ ಒಬ್ಬ ಪ್ಲಂಬರು, ಏಣಿ ಹಿಡಿದ ಒಬ್ಬ ಡ್ರಾಯಿಂಗ್ ಮೇಷ್ಟ್ರು ಮತ್ತು ಕೆಳಗೆ ನಿಂತು "ಎಡಕ್ಕೆ ತಿರುಗ್ಸೋ, ಎಡಕ್ಕೆ" ಎಂದು ಗದರುತ್ತಿದ್ದ ಟೋಪಿಯ ಮುದುಕ ಇದ್ದರು. ತಾವು ಅವರತ್ತ ನೋಡಿ ಕೈಬೀಸಿದಿರಿ ಕೂಡ. ಹಾಡಹಗಲಲ್ಲಿ ಸ್ಪ್ಯಾನರ್ ಹಿಡಿದು ಕೆಲಸ ಮಾಡುವವರನ್ನು ಈ ಲೋಕದಲ್ಲಿ ಯಾರೂ ಏನೂ ಕೇಳುವುದಿಲ್ಲ. ಕಾವಲುಗಾರನಂತೂ ಏಣಿಯ ಇನ್ನೊಂದು ಬದಿ ಹಿಡಿದುಕೊಂಡ. ಶೆಡ್ಡಿನವಳ ಬಿಲ್ಲೆಯನ್ನು ಬೆಳಿಗ್ಗೆಯೇ ಬಿಚ್ಚಿ ತಂದಿದ್ದರು, ತೋಟದವಳಿಂದ ಬಿಚ್ಚಿದ್ದನ್ನು ಸಂಜೆ ಒಯ್ದು ಅಲ್ಲಿ ಹಾಕಿದರು. ಈಗ ದೊಡ್ಡತ್ತೆಯ ಬಿಲ್ಲೆ ದೊಡ್ಡತ್ತೆಯ ಹಣೆಯ ಮೇಲಿದೆ, ಚಿಕ್ಕಸೊಸೆಯದು ಚಿಕ್ಕಸೊಸೆಯ ಹಣೆಯ ಮೇಲೆ. ಕಳವು ಎನ್ನುವಿರಾದರೆ, ಕದ್ದದ್ದು ಏನು? ತಮ್ಮ ಆಸ್ತಿ ತಮ್ಮಲ್ಲೇ ಇದೆ. ವರ್ಷಗಟ್ಟಲೆ ಬಾಕಿ ಉಳಿದಿದ್ದ ಒಂದು ಸಂಜೆಯ ಕೆಲಸವನ್ನು ಅಪ್ಪ ಮುಗಿಸಿದ್ದಾನೆ ಅಷ್ಟೆ.

ಹಾಗಾಗಿ ತಮ್ಮದೇ ನಿಯಮದ ಪ್ರಕಾರ, ಸಂರಕ್ಷಿಸಬೇಕಾದ ಎಂಜಿನ್ ಈಗ ಶೆಡ್ಡಿನಲ್ಲಿದೆ. ಕತ್ತರಿಸಲು ತಾವು ಸಹಿ ಹಾಕಿದ ನಂಬರಿನ ಎಂಜಿನ್ ತಮ್ಮ ಕಿಟಕಿಯ ಕೆಳಗೆ, ಕಾರಂಜಿಯ ಪಕ್ಕದಲ್ಲಿದೆ. ಗುಜರಿಯವನು ಆದೇಶದ ಪ್ರತಿಯನ್ನೂ ಗ್ಯಾಸ್ ಸಿಲಿಂಡರುಗಳನ್ನೂ ಹಿಡಿದುಕೊಂಡು ತಿಂಗಳ ಕೊನೆಗೆ ಬರುತ್ತಾನೆ. ಪಾಪ, ಅವನೂ ಬಿಲ್ಲೆ ನೋಡಿಯೇ ಕೆಲಸ ಮಾಡುವವನು. ತಮ್ಮ ತೋಟದ ಹೂಗಿಡಗಳ ಬಗ್ಗೆ ನನಗೆ ನಿಜಕ್ಕೂ ಮರುಕವಿದೆ.

ಚಿಕ್ಕಸೊಸೆಯನ್ನು ಕತ್ತರಿಸುವುದು ನಮಗೂ ಬೇಡ. ಕೊನೆಯ ವಿಹಾರವನ್ನು ಎಳೆದವಳು ಅವಳೇ. ಆದ್ದರಿಂದ ನನ್ನ ಬೇಡಿಕೆ ಕೇಳಿ. ಆ ಆದೇಶವನ್ನು ಪೂರ್ತಿ ಹಿಂಪಡೆಯಿರಿ. ಶೆಡ್ಡಿನ ಚಾವಣಿ ಸರಿಮಾಡಿಸಿ, ದೊಡ್ಡತ್ತೆಯ ಕೊಳವೆ ಬದಲಾಯಿಸಿ, ಬಾಯ್ಲರ್ ಪರೀಕ್ಷೆ ಮಾಡಿಸಿ. ಅಣೆಕಟ್ಟೆಗೆ ಒಂದೇ ಒಂದು ಸಲ ಗಾಡಿ ಬಿಡಿ, ಅಪ್ಪನ ಕಾಲಿನಲ್ಲಿ ಕಸುವಿರುವಾಗಲೇ. ತಮಗೂ ಕಿಟಕಿ ಪಕ್ಕದ ಸೀಟು ಇಡಿಸುತ್ತೇನೆ, ಬಿಳಿ ಅಂಗಿ ಹಾಕಿಕೊಂಡೇ ಬನ್ನಿ. ಕಣ್ಣಿಗೆ ಪುಡಿ ಬಿದ್ದರೆ ಇಳಿದು ಸಾಲಿನಲ್ಲಿ ನಿಲ್ಲಿ. ಅಪ್ಪ ಕರವಸ್ತ್ರ ತಿರುಚುತ್ತಾನೆ, ನೀರಿನ ಲೋಟ ನಾನು ಹಿಡಿಯುತ್ತೇನೆ.

ಇಂತಿ,
ತಮ್ಮ ಮೆಟ್ಟಿಲಲ್ಲಿ ಮಂಡಿ ಸವೆಸಿಕೊಂಡ
ಕನ್ನಡಕದಂಗಡಿಯವಳು
(ದೊಡ್ಡತ್ತೆಯ ಡ್ರೈವರನ ಮಗಳು)