ಮರಳಿ ಬಂದವರ ಜಾಗ

ಹಾಸ್ಟೆಲ್ ಕೋಣೆ
ಮಾರ್ಚ್ ೯, ಭಾನುವಾರ

ಪ್ರೀತಿಯ ‘ರೀ’ ಅವರಿಗೆ,

ನಾನಿಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ, ಹಾಗಾಗಿ ಕ್ಷೇಮ. ನಿಮ್ಮ ಕಾಗದಕ್ಕೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡಿ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನೀವು “ಊಟ ಆಯ್ತಾ? ಸರಿ, ಇಡ್ತೀನಿ” ಅಂತೀರಿ. ಕಾಗದವಾದರೆ ಮಧ್ಯದಲ್ಲಿ ಇಟ್ಟುಬಿಡುವುದಿಲ್ಲ.

ಸುದ್ದಿ ಇಷ್ಟೇ: ಮಹಾಪ್ರಬಂಧ ಒಪ್ಪಿಸಲು ಈ ಶುಕ್ರವಾರವೇ ಕೊನೆ. ಎರಡು ಸಲ ಅವಧಿ ಬೇಡಿ ಪಡೆದಾಗಿದೆ, ಮೂರನೆಯದು ಇಲ್ಲವಂತೆ. ತಪ್ಪಿದರೆ ನೋಂದಣಿ ರದ್ದು. ಶಾಲೆಯ ಟೀಚರ್ ಕೆಲಸಕ್ಕೆ ರಜೆ ಹಾಕಿ, ಮನೆ ಬಿಟ್ಟು ಬಂದು ಓದಿದ್ದೆಲ್ಲ ಗುಜರಿಗೆ. ಪಕ್ಕದ ಕೋಣೆಯ ಹುಡುಗಿಯರು “ಆಂಟೀ, ಇನ್ನೂ ಕೊಟ್ಟಿಲ್ವಾ?” ಎಂದು ಕೇಳದ ದಿನವಿಲ್ಲ. ಅವರಿಗಾಗಿ ಬಾಗಿಲಿಗೆ ಒಂದು ಪದ್ಯ ಅಂಟಿಸಿದ್ದೇನೆ:

ಗೈಡು ಸಿಕ್ಕರೆ ಪೆನ್ನು ಇಲ್ಲ,
ಪೆನ್ನು ಸಿಕ್ಕರೆ ಗೈಡು ಇಲ್ಲ,
ಎರಡೂ ಸಿಕ್ಕ ಶುಭದಿನ
ಆಫೀಸಿಗೆ ರಜಾದಿನ!

ಸುಳ್ಳು ಪದ್ಯ. ಗೈಡೂ ಇದ್ದಾರೆ, ಪೆನ್ನೂ ಇದೆ. ನಿನ್ನೆ ಗೈಡ್ ಮೇಡಮ್ಮೇ ಕರೆಸಿದರು.

“ಏನಮ್ಮ, ಸಹಿ ಹಾಕೋಕೆ ನಾನು ಕೂತಿದೀನಿ. ನೀನ್ಯಾಕೆ ಪ್ರತಿ ಸಲ ವಾಪಸ್ ಎತ್ಕೊಂಡು ಹೋಗ್ತೀಯಾ?”

“ಕೋಷ್ಟಕದ ಗೆರೆ ಸ್ವಲ್ಪ ದಪ್ಪ ಕಾಣ್ತಿದೆ, ಮೇಡಂ.”

“ಹೋದ ವಾರ ತೆಳ್ಳಗಿದೆ ಅಂದ್ಯಲ್ಲ?”

“ಅದಕ್ಕೇ ದಪ್ಪ ಮಾಡಿದ್ದು.”

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಫೇಲಾಗೋಕೆ ಹೆದರೋರನ್ನ ಬೇಕಾದಷ್ಟು ನೋಡಿದೀನಿ. ಮುಗಿಸೋಕೆ ಹೆದರೋಳು ನೀನೊಬ್ಳೇ ಕಣಮ್ಮ.” ನಾನು ನಕ್ಕೆ. ಅವರು ನಗಲಿಲ್ಲ.

ನನ್ನ ವಿಷಯ ನಿಮಗೆ ಮರೆತಿರಬಹುದು. ಕಾಯಿಲೆಯಿಂದಲೋ ಮನೆಯ ತಾಪತ್ರಯದಿಂದಲೋ ತಿಂಗಳುಗಟ್ಟಲೆ ಶಾಲೆ ಬಿಟ್ಟ ಮಕ್ಕಳು ಮತ್ತೆ ತರಗತಿಗೆ ಬಂದಾಗ ಏನಾಗುತ್ತದೆ ಎಂಬುದು. ಪಾಠ ಹಿಂದೆ ಬಿದ್ದದ್ದೇ ಅವರ ಕಷ್ಟವೆಂದು ನಾನೂ ನಂಬಿಕೊಂಡು ಹೋಗಿದ್ದೆ. ಒಂದು ಶಾಲೆಯಲ್ಲಿ ಹುಡುಗಿಯೊಬ್ಬಳು ಬಾಗಿಲಲ್ಲೇ ನಿಂತಿದ್ದಳು. ಅವಳ ಬೆಂಚಿನಲ್ಲಿ ಇನ್ನೊಬ್ಬಳು ಕೂತಿದ್ದಳು. ಯಾರೂ ಅವಳನ್ನು ಆಡಿಕೊಳ್ಳಲಿಲ್ಲ. ಟೀಚರಂತೂ ನಗುನಗುತ್ತಾ “ಬಾರಮ್ಮ, ಎಲ್ಲಾದ್ರೂ ಕೂತ್ಕೋ” ಎಂದರು. ಮರುದಿನ ಅವಳು ಬರಲಿಲ್ಲ. ನನ್ನ ಇಡೀ ಪ್ರಬಂಧ ಆ ‘ಎಲ್ಲಾದ್ರೂ’ ಎಂಬ ಒಂದು ಮಾತಿನ ಮೇಲೆ ನಿಂತಿದೆ.

ಒಪ್ಪಿಸಿದ ಮೇಲೆ ಈ ಕೋಣೆ ಖಾಲಿ ಮಾಡಬೇಕು. ನನ್ನ ಮಂಚದ ಮೇಲೆ ಈಗಾಗಲೇ ಎದುರು ಕೋಣೆಯವಳ ಕಣ್ಣು ಬಿದ್ದಿದೆ. ಬಂದಾಗಲೆಲ್ಲ ಕಾಲು ಭದ್ರವಾಗಿದೆಯೇ ಎಂದು ಅಲ್ಲಾಡಿಸಿ ನೋಡುತ್ತಾಳೆ.

ಪುಟ್ಟಿಗೆ ಆಶೀರ್ವಾದ, ಗಣಿತಕ್ಕೆ ಇನ್ನೊಂದು ಹಿಡಿ ಹೆಚ್ಚಿಗೆ. ಅವಳ ಕಣ್ಣು ನೋಯುವ ತನಕ ಓದಿಸಬೇಡಿ. ನಿಮ್ಮ ಅಕ್ಕನಿಗೆ ನಮಸ್ಕಾರ ಹೇಳಿ. ಅವರು ಬಂದಾಗಿನಿಂದ ಮನೆ ಗಡಿಯಾರದ ಹಾಗೆ ನಡೆಯುತ್ತಿದೆ ಎಂದು ಬರೆದಿದ್ದೀರಿ. ಸಂತೋಷ.

ನಿಮ್ಮ,
ಇನ್ನೂ ಡಾಕ್ಟರಾಗದವಳು

ತಾ.ಕ.: ಹೋದ ತಿಂಗಳು ಪುಟ್ಟಿ ಫೋನಿನಲ್ಲಿ, “ಅಮ್ಮಾ, ಕಿಟಕಿ ಪಕ್ಕದ ನಿನ್ನ ಮೇಜನ್ನ ಅಟ್ಟಕ್ಕೆ ಹಾಕಿ ಅತ್ತೆಯ ಹೊಲಿಗೆ ಮಷೀನ್ ಇಟ್ವಿ. ರೂಮು ಎಷ್ಟು ದೊಡ್ಡದಾಯ್ತು ಗೊತ್ತಾ!” ಎಂದಳು. “ಹೌದಾ, ಒಳ್ಳೇದಾಯ್ತು” ಅಂದೆ. ಆವತ್ತಿನಿಂದಲೇ ನನಗೆ ಗೆರೆಗಳು ಒಮ್ಮೆ ದಪ್ಪ, ಒಮ್ಮೆ ತೆಳ್ಳಗೆ ಕಾಣತೊಡಗಿದ್ದು. ನಿಮ್ಮ ಕಾಗದದಲ್ಲಿ ಯಾವಾಗ ಒಪ್ಪಿಸ್ತೀಯಾ ಎಂದು ಎರಡು ಕಡೆ ಕೇಳಿದ್ದೀರಿ. ಯಾವಾಗ ಬರ್ತೀಯಾ ಎಂಬುದನ್ನು ಹಿಂದುಮುಂದು ತಿರುವಿ ಹುಡುಕಿದೆ. ಅಕ್ಕನ ಮಷೀನ್ ಅಲ್ಲೇ ಇರಲಿ, ಅವರನ್ನು ಎಬ್ಬಿಸಬೇಡಿ. ಬಂದರೆ ನಾನು ಎಲ್ಲಿ ಕೂರಲಿ ಎಂದು ಶುಕ್ರವಾರದೊಳಗೆ ಫೋನ್ ಮಾಡಿ ಹೇಳಿ. ಎಲ್ಲಾದ್ರೂ ಕೂತ್ಕೋ ಅಂತ ಮಾತ್ರ ಅನ್ನಬೇಡಿ.