ಬಡಗದಡದ ಬೀಗರು ಬೈಯದೆ ಹೋದರೆ

ಫೆಬ್ರವರಿ ಮೂವತ್ತು, ಇಸವಿ ಎರಡು ಸಾವಿರದ ಇನ್ನೂರ ಹದಿನೆಂಟು
ಸೇಂಟ್ ಲಾರೆನ್ಸ್ ಹೊಳೆಯ ತೆಂಕದಡ

ನಮ್ಮ ಮನೆತನದ ಮೊದಲ ಅವ್ವ ಕಮಲಾಕ್ಷಿಯವರಿಗೆ ನಿಮ್ಮ ಮರಿಮೊಮ್ಮಗಳ ಮರಿಮೊಮ್ಮಗಳು ಸಾತವ್ವ ಬರೆಯುವ ಕಾಗದ.

ತಾರೀಖು ನೋಡಿ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡಿ. ಹಿಮ ಬೀಳುವುದು ಕಡಿಮೆಯಾದಾಗ ಇಲ್ಲಿಯವರು ಚಳಿಗಾಲ ಸಾಲದೆಂದು ಅತ್ತು ಕರೆದು, ಆಗಸ್ಟಿನಿಂದ ಎರಡು ದಿನ ಕಿತ್ತು ಫೆಬ್ರವರಿಗೆ ಅಂಟಿಸಿದರು. ಹಿಮವೇನೂ ಹೆಚ್ಚಲಿಲ್ಲ, ಕ್ಯಾಲೆಂಡರು ಮಾತ್ರ ಕೆಟ್ಟಿತು. ಈ ಕಾಗದ ಹಿಂದಂಚೆಯಲ್ಲಿ ಬರುತ್ತದೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಟಪಾಲು ಒಯ್ಯುವ ಕಚೇರಿ, ಜನ್ಮಕ್ಕೆ ಒಂದೇ ಕಾಗದ. ಬಂಗಾರದ ಧಾರಣೆ, ಚುನಾವಣೆ, ಸಾವುನೋವು ಬರೆದರೆ ಹರಿದು ಹಾಕುತ್ತಾರಂತೆ. ಬೀಗರ ವಿಷಯ ಬರೆಯಬಹುದೇ ಎಂದು ಕೇಳಿದೆ. "ಅದನ್ನ ತಡೆಯೂ ಕಾನೂನು ಇನ್ನೂ ಹುಟ್ಟಿಲ್ಲ, ಬರೀರಿ ಅಜ್ಜಿ" ಎಂದಳು ಕಚೇರಿ ಕಿಟಕಿಯ ಹುಡುಗಿ. ನಾನು ಕಲಿತದ್ದು ಹೊಳೆದಂಡೆಯ ಶಾಲೆಯಲ್ಲಿ ಮೂರನೆಯ ಇಯತ್ತೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ವಯಸ್ಸಿನಲ್ಲಿ ನೀವೀಗ ನನ್ನ ಮೊಮ್ಮಗಳ ವಾರಗೆಯವರು, ಸಂಬಂಧದಲ್ಲಿ ನನ್ನ ಹಿರಿಯರು. ನಮಸ್ಕಾರವನ್ನೂ ಆಶೀರ್ವಾದವನ್ನೂ ಒಟ್ಟಿಗೇ ಕಳಿಸಿದ್ದೇನೆ, ಬೇಕಾದ್ದನ್ನು ಇಟ್ಟುಕೊಳ್ಳಿ.

ನೀವು ಅಮೆರಿಕ ಎನ್ನುವುದಕ್ಕೆ ನಾವು ತೆಂಕದಡ ಎನ್ನುತ್ತೇವೆ, ಕೆನಡಾಕ್ಕೆ ಬಡಗದಡ. ನೀವು ನರ್ಸ್ ಕೆಲಸಕ್ಕೆಂದು ರಾಣೆಬೆನ್ನೂರಿನಿಂದ ಬಂದು ನಿಂತದ್ದು ತೆಂಕದಡದಲ್ಲಿ, ನಾವೆಲ್ಲ ಇಲ್ಲಿಯೇ ಬೇರು ಬಿಟ್ಟೆವು. ಹೀಗಾಗಿ ಆ ದಡದವರ ಬಗ್ಗೆ ಈ ದಡದವರಿಗೆ ಏನನಿಸುತ್ತದೆ ಎಂದು ನನ್ನಷ್ಟು ಬಿಚ್ಚಿ ಹೇಳುವವರು ನಿಮಗೆ ಸಿಗಲಿಕ್ಕಿಲ್ಲ. ಮೊದಲನೆಯದಾಗಿ, ನಮ್ಮವರಿಗೆ ಅವರ ನೆನಪೇ ಇರುವುದಿಲ್ಲ. ಮನೆಯ ಹಿತ್ತಿಲಗೋಡೆಯನ್ನು ಯಾರು ದಿನಾ ನೆನೆಯುತ್ತಾರೆ? ಕಾಡಿಗೆ ಬೆಂಕಿ ಬಿದ್ದಾಗ, ಕರೆಂಟು ಹೋದಾಗ ಗಪ್ಪನೆ ನೆನಪಾಗುತ್ತದೆ, ಅಷ್ಟರಲ್ಲಿ ಅವರೇ ಸಾರು ಕಾಯಿಸಿಕೊಂಡು ದೋಣಿಯಲ್ಲಿ ಬಂದಿರುತ್ತಾರೆ. ಅವರು ನಮ್ಮ ಹಾಗೆಯೇ, ಕೊರಳಿಗೆ ಒಂದು ಮಫ್ಲರ್ ಹೆಚ್ಚು ಎಂದು ನಮ್ಮವರ ತಿಳಿವಳಿಕೆ. ಆದರೆ ಪರದೇಶಕ್ಕೆ ಹೋದ ನಮ್ಮ ಹುಡುಗರು, ಯಾವ ಊರು ಎಂದು ಯಾರಾದರೂ ಕೇಳಿದರೆ, ಮೆಲ್ಲಗೆ ಬಡಗದಡ ಎಂದು ಬಿಡುತ್ತಾರೆ. ಆಗ ತಟ್ಟೆಗೆ ಎರಡು ರೊಟ್ಟಿ ಹೆಚ್ಚು ಬೀಳುತ್ತದಂತೆ.

ಹೊಟ್ಟೆಕಿಚ್ಚೂ ಉಂಟು, ಸುಳ್ಳೇಕೆ ಹೇಳಲಿ. ಪಕ್ಕದ ಮನೆಯಲ್ಲಿ ಒಬ್ಬಳು ಹುಡುಗಿ ಇರುತ್ತಾಳಲ್ಲ, ತಲೆ ಬಾಚಿಕೊಂಡು, ಹೋಂವರ್ಕ್ ಮುಗಿಸಿಕೊಂಡು, ದೊಡ್ಡವರಿಗೆ ಎದುರಾಡದೆ? ನಮ್ಮವ್ವ ಅವಳನ್ನೇ ತೋರಿಸಿ ನಮ್ಮನ್ನು ಬೈದಂತೆ, ಜಗತ್ತು ಬಡಗದಡವನ್ನು ತೋರಿಸಿ ತೆಂಕದಡವನ್ನು ಬೈಯುತ್ತದೆ. ಹಾಕಿ ಆಟದಲ್ಲಿ ನಾವು ಗೋಲು ಹೊಡೆದರೆ ಅವರೂ ಚಪ್ಪಾಳೆ ತಟ್ಟುತ್ತಾರೆ! ಅಂಥವರ ಮನಸ್ಸಿನಲ್ಲಿ ಏನಿದೆ ಎಂದು ಹೇಗೆ ತಿಳಿಯುವುದು? ನನ್ನ ಭಯವೆಲ್ಲ ಅದೇ. ಯಾಕೆಂದರೆ ನನ್ನ ಮೊಮ್ಮಗಳು ಹೊನ್ನಿ ಅಂಥದೊಂದು ಮನೆಯ ಹುಡುಗ ಎಮಿಲ್‌ನನ್ನು ಮೆಚ್ಚಿ ಕೂತಳು. ಹೊನ್ನಿಯ ನಾಲಗೆ ನನ್ನದೇ ಅಚ್ಚು, ಬೆಳಗಿನ ಚಹಾದ ಜೊತೆ ಒಂದು ಜಗಳ ಬೇಕು. ಬೈದರೆ ನಕ್ಕು ಸುಮ್ಮನಾಗುವ ಮನೆಯಲ್ಲಿ ಈ ಹುಡುಗಿ ಒಣಗಿ ಹೋದಾಳು ಎಂದು ನನಗೆ ಊಟ ಸೇರಲಿಲ್ಲ.

ಮದುವೆ ಹೊಳೆದಂಡೆಯಲ್ಲಿ, ಮಂಜಿನ ಮೇಲೆ ಹಾಕಿ ಆಡುವ ಅಂಗಳದಲ್ಲಿ ನಡೆಯಿತು. ಅಷ್ಟು ದೊಡ್ಡ ಚಾವಣಿ ಇನ್ನೆಲ್ಲೂ ಇಲ್ಲ. ಮಂಜುಗಡ್ಡೆಯ ಮೇಲೆ ಹಲಗೆ, ಹಲಗೆಯ ಮೇಲೆ ಜಮಖಾನೆ. ಹಸೆಮಣೆಯ ಮೇಲೆ ಕೂತ ವರನ ಹಲ್ಲು ಕಟಕಟ ಎನ್ನುತ್ತಿದ್ದರೆ ಪಾಪ ಹೆದರಿದ್ದಾನೆ ಎಂದು ನಮ್ಮ ಹೆಂಗಸರು ಕನಿಕರಪಟ್ಟರು. ಮರಬೆಲ್ಲದ ಹೋಳಿಗೆ ಮಾಡಿಸಿದ್ದೆವು. ಮರಬೆಲ್ಲ ಎಂದರೆ ಮೇಪಲ್ ಮರದ ರಸ ಕುದಿಸಿ ತೆಗೆದ ಬೆಲ್ಲ, ಕಬ್ಬಿನದನ್ನು ಮರೆಸುವಂಥದು. ಎಲ್ಲರ ಕಿವಿಯಲ್ಲೂ ಕಿವಿಮಣಿ ಇತ್ತು. ಯಾರು ಯಾವ ಭಾಷೆ ಆಡಿದರೂ ಅದು ನಮ್ಮ ಮಾತಾಗಿ ಕೇಳಿಸುತ್ತದೆ. ನನ್ನದಕ್ಕೆ ನಾನು ಹಾವೇರಿ ಕಡೆಯ ಮಾತನ್ನೇ ಕಲಿಸಿದ್ದೇನೆ. ಹೀಗಾಗಿ ನನ್ನ ಮಟ್ಟಿಗೆ ಇಡೀ ಕೆನಡಾ ಹಾವೇರಿ ಸಂತೆಯ ಹಾಗೆಯೇ ಮಾತಾಡುತ್ತದೆ.

ಬೀಗರ ಹಾಡು ನಿಮಗೆ ಗೊತ್ತಿರುವುದೇ. ಹೆಣ್ಣಿನವರು ಗಂಡಿನವರನ್ನು ಹಾಡಿ ಹಂಗಿಸಬೇಕು, ಅವರು ತಿರುಗಿಸಿ ಹಂಗಿಸಬೇಕು, ಆಮೇಲೆ ಅಕ್ಕಿಕಾಳು. ನಾನು ಸೆರಗು ಸಿಕ್ಕಿಸಿ ಎತ್ತಿದೆ:

"ಬಡಗದಡದ ಬೀಗರು ಬಂದಾರ, ಬಾಗಲಾ ತೆಗೀರೆವ್ವಾ
ತೆಗೆದ ಬಾಗಲಾ ತಾವs ಹಿಡಿದು ಊರೆಲ್ಲಾ ಒಳಗ ಬಿಟ್ಟಾರವ್ವಾ
ಊಟ ಮುಗಿದು ಎಲಿ ಎತ್ತಿದರೂ ಬೀಗಪ್ಪ ಬಾಗಲದಾಗವ್ವಾ"

ಹಿಂದೆ ಬರುವವರಿಗೆಲ್ಲ ಬಾಗಿಲು ಹಿಡಿದು ನಿಲ್ಲುವುದು ಅವರ ಮರ್ಯಾದೆ. ನಮ್ಮ ಕಡೆಯವರು ಬಿದ್ದು ಬಿದ್ದು ನಕ್ಕರು. ವರನ ಅಪ್ಪ ಎದ್ದು ಎದೆಯ ಮೇಲೆ ಕೈಯಿಟ್ಟು, "ಭಾಳ ಚೆಂದ ಹಾಡಿದ್ರಿ, ಉಪಕಾರ ಆತು" ಎಂದ. ಎರಡನೆಯ ಹಾಡಿನಲ್ಲಿ ಅವರ ಕೆಂಪು ಮೂಗನ್ನು ಹಂಗಿಸಿದೆ. ಚಪ್ಪಾಳೆ ತಟ್ಟಿದರು. ಮೂರನೆಯದರಲ್ಲಿ ಅವರ ನೀರು ಕಾಫಿ, ಅವರ ಚಪ್ಪೆ ಸಾರು, ಅವರ ಅಜ್ಜಂದಿರ ಬೋಳುತಲೆ ಒಂದನ್ನೂ ಬಿಡಲಿಲ್ಲ. ವರನ ಸೋದರಮಾವ ಬಂದು, ಇನ್ನೊಮ್ಮೆ ಹಾಡಿದರೆ ಬರೆದುಕೊಳ್ಳುತ್ತೇನೆ ಎಂದ! ನಮ್ಮ ಹೆಂಗಸರ ಮುಖ ಸಣ್ಣದಾಯಿತು. ಬೈಸಿಕೊಳ್ಳುವಷ್ಟೂ ಯೋಗ್ಯತೆ ನಮಗಿಲ್ಲವೇ? ನನಗೆ ತಡೆಯಲಾಗಲಿಲ್ಲ. ಅಕ್ಕಿಯ ತಟ್ಟೆ ಎತ್ತಿ ಬಗಲಲ್ಲಿಟ್ಟುಕೊಂಡೆ. "ಬೈಗಳಾ ತಿರುಗಿ ಬರೂತನಾ ಒಂದು ಕಾಳೂ ಬೀಳೂದಿಲ್ಲ" ಎಂದೆ.

ಹೊನ್ನಿ ಹಸೆಮಣೆಯಿಂದಲೇ ಕಣ್ಣು ಕೆಂಪಗೆ ಮಾಡಿದಳು. "ಏ ಅಜ್ಜಿ, ನನ್ನ ಮದುವಿ ಇದು, ನಿನ್ನ ಕುಸ್ತಿ ಅಲ್ಲ!"

"ಬಾಯಿ ಮುಚ್ಚಗೊಂಡು ಕುಂದ್ರs. ನಿನ್ನ ಸಲುವಾಗೇ ಬಡದಾಡಾಕತ್ತೀನಿ."

ಅವಳು ಕೂರಲಿಲ್ಲ. ಬಾಸಿಂಗ ಕಟ್ಟಿಕೊಂಡೇ ಎದ್ದು ನೇರ ವರನ ಅಜ್ಜಿ ಡೊರೀನಳ ಮುಂದೆ ಹೋಗಿ ಮೊಣಕಾಲೂರಿದಳು. "ಅಮ್ಮಾ, ನಮ್ಮ ಅಜ್ಜಿಗೆ ನಿಮ್ಮ ಉಪಕಾರ ಬ್ಯಾಡ, ನಿಮ್ಮ ಸಿಟ್ಟು ಬೇಕಾಗೇತಿ. ಸ್ವಲ್ಪರ ಇಲ್ಲೇನು ನಿಮ್ಮ ಹತ್ತರ?"

ಡೊರೀನ್ ಸೀಗೇಕಾಯಿಯ ಹಾಗೆ ಒಣಗಿದ, ಮೆತ್ತಗೆ ನಗುವ ಮುದುಕಿ. ಸುತ್ತ ನೋಡಿ, "ಮಂದಿ ಮನಿಗೆ ಬಂದು ಹಂಗ ಅನಬಾರದು ಅಂತ ನಮ್ಮವ್ವ ಹೇಳ್ಯಾಳ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಎಷ್ಟು ಹೊತ್ತು ಬೈಬಹುದು?" ಎಂದು ಕೇಳಿದಳು. ಬೇಕಾದಷ್ಟು ಎಂದೆ. ಆಕೆ ಶಾಲು ತೆಗೆದು ಮಡಚಿ ಕುರ್ಚಿಯ ಮೇಲಿಟ್ಟು, ಗಂಟಲು ಸರಿಮಾಡಿಕೊಂಡು ನನ್ನ ಕಣ್ಣಿಗೇ ಕಣ್ಣಿಟ್ಟಳು:

"ತೆಂಕದಡದ ಬೀಗತಿ ಬಾಯಿ ಹೊಳಿಯ ದಾಟಿ ಕೇಳತೈತಿ
ನಮ್ಮೂರ ಹೆಸರು ಕೇಳಿದರ ನಿಮ್ಮ ಬೆರಳು ಹಿಮದ ಕಡೆ ಹೋಗತೈತಿ
ತಲೆಮಾರಿನ ನೆರಿಮನಿ ನಾವು, ಕರೆದಾಗೆಲ್ಲಾ ಬಂದೀವಿ
ನಮ್ಮ ಮನಿಗೆ ನಿಮ್ಮ ಅಟ್ಟ ಅಂದ್ರಿ, ಅದನೂ ನಕ್ಕು ಕೇಳೀವಿ
ನಗೂದು ಮುಗೀತು ಬೀಗತಿ, ಇವತ್ತ ಬೈದs ಹೋಗತೀವಿ!"

ನಕ್ಷೆಯಲ್ಲಿ ನಮ್ಮ ಮೇಲೆ ಕೂತಿದ್ದಾರೆಂದು ಅವರ ನಾಡಿಗೆ ನಮ್ಮವರು ಅಟ್ಟ ಎನ್ನುವುದುಂಟು. ಆ ಅಟ್ಟದ ಮಾತು ಹಾಡಿಗೆಂದು ಹುಟ್ಟಿದ್ದಲ್ಲ, ಎಷ್ಟೋ ತಲೆಮಾರಿನಿಂದ ನಗೆಯ ಕೆಳಗೆ ಮಡಚಿಟ್ಟದ್ದು ಎಂದು ನಮಗೆಲ್ಲ ಗೊತ್ತಾಯಿತು. ನನ್ನ ಎದೆಗೆ ಖಾರ ಎರಚಿದಂತಾಯಿತು.  ಇಂಥ ಬೈಗಳು ತಿಂದದ್ದು ನನ್ನ ಆಯುಷ್ಯದಲ್ಲಿ ಮೊದಲ ಸಲ. ಆಮೇಲೆ ಹೊಟ್ಟೆಯೊಳಗಿಂದ ನಗು ಎದ್ದು ಬಂತು ನೋಡಿ, ತಟ್ಟೆ ಅಲ್ಲಾಡಿ ಅಕ್ಕಿ ತಾನಾಗಿಯೇ ಚೆಲ್ಲತೊಡಗಿತು. ಎರಡೂ ಕೈಯಿಂದ ತೂರಿದೆ. "ಹಾಕ್ರೇ! ಹುಡುಗಿ ಕೊಟ್ಟೀನಿ!" ಎಂದು ಕೂಗಿದೆ.

ಬಡಗದಡದವರಿಗೆ ಒಮ್ಮೆ ದಾರಿ ಸಿಕ್ಕಿದ್ದೇ ತಡ, ನಿಲ್ಲಿಸುವವರಿಲ್ಲ. ವರನ ಅಪ್ಪ ನಮ್ಮವರು ದೋಣಿ ಅಡ್ಡಾದಿಡ್ಡಿ ನಿಲ್ಲಿಸುವುದನ್ನು ಹಾಡಿದ. ಸೋದರಮಾವ ನಾವು ಪಿಸುಗುಟ್ಟಿದರೂ ಹಕ್ಕಿ ಹಾರಿಹೋಗುವುದನ್ನು ಹಾಡಿದ. ಸಣ್ಣ ಮಕ್ಕಳೂ ಸಾಲುಗಟ್ಟಿ ನಿಂತು, ಸರದಿ ತಪ್ಪಿಸದೆ, ಒಬ್ಬೊಬ್ಬರಾಗಿ ನಮ್ಮನ್ನು ಬೈದರು! ಅನ್ನ ಆರಿತು, ಹೋಳಿಗೆ ಗಟ್ಟಿಯಾಯಿತು, ಯಾರೂ ಏಳಲಿಲ್ಲ. ಅಂಥ ಮದುವೆ ಈ ಹೊಳೆ ಕಂಡಿರಲಿಲ್ಲ. ಹೊನ್ನಿ ಗಂಡನ ಮನೆಗೆ ಹೋದ ವಾರದಲ್ಲೇ ಅತ್ತೆಯ ಜೊತೆ ಕಿಟಕಿ ತೆರೆಯುವ ವಿಷಯಕ್ಕೆ ಜಗಳವಾಡಿದಳಂತೆ, ಅತ್ತೆಯೇ ಗೆದ್ದಳಂತೆ. ಸುದ್ದಿ ಕೇಳಿ ನಾನು ತುಪ್ಪ ಹಾಕಿಕೊಂಡು ಉಂಡೆ.

ಕಮಲಾಕ್ಷಿ ಅವ್ವಾ, ನಿಮ್ಮ ಕಾಲದಲ್ಲಿ ಆಚೆ ದಡದವರು ಮುನಿಸಿಕೊಂಡು ಈ ದಡದ ಸಂತೆಗೆ ಬರುವುದನ್ನು ಬಿಟ್ಟಿದ್ದಾರೆ, ನಿಮ್ಮ ಆಸ್ಪತ್ರೆಯ ವಾರ್ಡಿನವರಿಗೆ ಅದು ಬೇಜಾರಾಗಿದೆ ಎಂದು ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ಸುದ್ದಿ. ಅವರು ಒಳ್ಳೆಯವರು, ತಾವಾಗಿಯೇ ಸರಿಹೋಗುತ್ತಾರೆ ಎಂದು ಕೂರಬೇಡಿ. ಒಳ್ಳೆಯವರಿಗೂ ಹೊಟ್ಟೆ ಉರಿಯುತ್ತದೆ. ಹೊಳೆ ದಾಟಿ ಹೋಗಿ, ಕೂತು, ನಮ್ಮನ್ನು ಬೈಯಿರಿ ಎಂದು ಕೇಳಿಕೊಳ್ಳಿ. ಬೈದು ಮುಗಿಯುವತನಕ ಏಳಬೇಡಿ.

ಇನ್ನೂ ಬರೆಯುತ್ತಿದ್ದೆ. ಆದರೆ ಡೊರೀನ್ ಬಾಗಿಲು ಬಡಿಯದೆ ಒಳಗೆ ನುಗ್ಗಿದ್ದಾಳೆ. ನನ್ನ ಒಲೆಯ ಮುಂದೆ ನಿಂತು, ಈ ರೊಟ್ಟಿಯಿಂದ ದೋಣಿಯ ತೂತು ಮುಚ್ಚಬಹುದು ಎನ್ನುತ್ತಿದ್ದಾಳೆ. ಅಷ್ಟು ಮೆತ್ತಗಿದ್ದ ಹೆಂಗಸು! ಪೆನ್ನು ಇಡುತ್ತೇನೆ, ಇವಳಿಗೆ ಮೊದಲು ಜವಾಬು ಕೊಡಬೇಕು.

ನಿಮ್ಮ
ಸಾತವ್ವ